ಬೆಳಿಗ್ಗೆ ಸ್ಕೂಬಾ, ಸಂಜೆ ವಿಮಾನ: ಸತ್ಯಾಂಶ

ಅಂಡಮಾನ್ ಪ್ರವಾಸದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಮಾತಿದು: ವಿಮಾನದೊಳಗಿನ ಗಾಳಿಯ ಒತ್ತಡ ನೆಲದಲ್ಲಿದ್ದಷ್ಟೇ ಇರುತ್ತದೆ, ಬೆಳಿಗ್ಗೆ ಸ್ಕೂಬಾ ಡೈವ್ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಾಳಕ್ಕೆ ಮುಳುಗುವುದು) ಮಾಡಿ ಸಂಜೆಯೇ ಬೆಂಗಳೂರಿಗೆ ಹಾರಬಹುದು. ಇದು ತಪ್ಪು.

ಹಂಚುವವರನ್ನು ದೂರಬೇಕಿಲ್ಲ, ಅರ್ಧ ನಿಜ ಇದರಲ್ಲಿದೆ. ಕ್ಯಾಬಿನ್‌ನಲ್ಲಿ ಒತ್ತಡ ಕಾಯ್ದುಕೊಳ್ಳುತ್ತಾರೆ, ಆದರೆ ಅದು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ಮುಳ್ಳಯ್ಯನಗಿರಿಯ ತುದಿ ಅಂದುಕೊಳ್ಳಿ. ನೀರಿನಾಳದಲ್ಲಿ ಉಸಿರಾಡಿದಾಗ ಹೆಚ್ಚುವರಿ ಸಾರಜನಕ ಮೈಯಲ್ಲಿ ಕರಗಿರುತ್ತದೆ, ಅದು ಹೊರಹೋಗಲು ಗಂಟೆಗಳೇ ಬೇಕು. ಅಷ್ಟರಲ್ಲಿ ಒತ್ತಡ ಇಳಿದರೆ, ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆಗಳೇಳಬಹುದು. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವಾದರೆ 18 ಗಂಟೆ ಕಾಯಬೇಕೆಂಬುದು ಡೈವಿಂಗ್ ವಲಯದ ರೂಢಿಯ ಸಲಹೆ. ನೀರಿನ ಮೇಲೇ ತೇಲುವ ಸ್ನಾರ್ಕೆಲಿಂಗ್‌ಗೆ ಈ ತಾಪತ್ರಯವಿಲ್ಲ.

ಪರೀಕ್ಷಿಸಬೇಕೆ? ವಿಮಾನಕ್ಕೆ ಚಿಪ್ಸ್ ಪೊಟ್ಟಣ ಒಯ್ಯಿರಿ, ಮೇಲೇರಿದಂತೆ ಉಬ್ಬುತ್ತದೆ. ಒತ್ತಡ ನೆಲದಷ್ಟೇ ಇದ್ದಿದ್ದರೆ ಉಬ್ಬುತ್ತಿರಲಿಲ್ಲ. ಕಾಯುವ ಅವಧಿಯನ್ನು ಡೈವಿಂಗ್ ತರಬೇತಿ ಕೈಪಿಡಿಯಲ್ಲಿ ನೋಡಿ, ಬೋಧಕರನ್ನೂ ಕೇಳಿ.

ಅಂದಹಾಗೆ, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಅಂದೇ ಕಾರಿನಲ್ಲಿ ಘಟ್ಟ ಹತ್ತುವವರೂ ಎಷ್ಟು ಹೊತ್ತು ಕಾಯಬೇಕೆಂದು ಬೋಧಕರನ್ನು ಕೇಳಿಕೊಳ್ಳಬೇಕು. ಬೆಂಗಳೂರೇ ಸುಮಾರು 3,000 ಅಡಿ ಎತ್ತರದಲ್ಲಿದೆ.