ಮ್ಯೂಸಿಯಂ ಹಡಗಿಗೆ ಮತ್ತೆ ಹಬೆ ಏರಿಸಬಹುದೇ?

ನಿವೃತ್ತಿಯಾಗಿ ವಸ್ತುಸಂಗ್ರಹಾಲಯವಾಗಿರುವ ಯುದ್ಧನೌಕೆಗಳನ್ನು ಅಗತ್ಯ ಬಿದ್ದಾಗ ನೌಕಾಪಡೆಯ ಸೇವೆಗೆ ಮರಳಿ ಕರೆಯಬೇಕೇ? ಪರವಾಗಿ ಬರೆದವರು ನೌಕಾಪಡೆಯಲ್ಲಿದ್ದು ಮಂಡ್ಯಕ್ಕೆ ಮರಳಿದವರು. ವಿರೋಧಿಸಿದವರು ಇದೇ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು.

ಪರ: ಒಡಲು ಗಟ್ಟಿಯಿದ್ದರೆ ಕರೆಯಿರಿ

ಕನ್ನಂಬಾಡಿಯ ಹಿನ್ನೀರಿಗಿಂತ ದೊಡ್ಡ ನೀರಿಲ್ಲದ ಜಿಲ್ಲೆಯಲ್ಲಿ ಕುಳಿತು ಯುದ್ಧನೌಕೆಯ ಮಾತೇಕೆ ಎಂದು ಗೆಳೆಯರು ಕಿಚಾಯಿಸುತ್ತಾರೆ. ಕಿಚಾಯಿಸಲಿ. ನನ್ನ ಎದುರುವಾದಿಗಳು ಬಾಯ್ಲರ್ ಬಲ್ಲವರು. ಅವರು ಎಲ್ಲಿಗೆ ಏಟು ಕೊಡುತ್ತಾರೆ ಎಂಬುದು ಗೊತ್ತಿರುವುದರಿಂದ ನಾನೂ ಬಾಯ್ಲರ್‌ನಿಂದಲೇ ಆರಂಭಿಸುತ್ತೇನೆ.

1971ರಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಬಂಗಾಳ ಕೊಲ್ಲಿಗೆ ಹೊರಟಾಗ ಅದರ ಬಾಯ್ಲರ್‌ಗಳಲ್ಲೊಂದು ಬಿರುಕು ಬಿಟ್ಟಿತ್ತು. ಅದನ್ನು ಸರಿಪಡಿಸುವ ಸೌಲಭ್ಯ ಆಗ ದೇಶದಲ್ಲಿರಲಿಲ್ಲ. ನಿಯಮದ ಪುಸ್ತಕ ಹಿಡಿದು ಕುಳಿತಿದ್ದರೆ ಹಡಗು ಬಂದರು ಬಿಡುತ್ತಲೇ ಇರಲಿಲ್ಲ. ಕೆಟ್ಟ ಬಾಯ್ಲರ್‌ನ ಬೆಂಕಿ ನಂದಿಸಿ, ಉಳಿದವುಗಳ ಹಬೆಯಲ್ಲಿ, ಕಡಿಮೆ ವೇಗಕ್ಕೆ ಒಪ್ಪಿಕೊಂಡು ಯುದ್ಧಕ್ಕೆ ಕಳುಹಿಸಿದರು. ಡಿಸೆಂಬರ್ 4ರಂದು ಅದರ ಮೇಲಿಂದ ಎದ್ದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮೇಲೆ, ಬಳಿಕ ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆ ಹಡಗಿನ ನಿರ್ಮಾಣ ಆರಂಭವಾದದ್ದು 1943ರಲ್ಲಿ, ಬ್ರಿಟಿಷರ ಮಹಾಯುದ್ಧಕ್ಕೆಂದು. ಯುದ್ಧ ಮುಗಿದ ಮೇಲೆ ಅರ್ಧಂಬರ್ಧವಾಗಿ ವರ್ಷಗಟ್ಟಲೆ ನಿಂತಿತ್ತು. ನಾವು ಅದನ್ನು ಕೊಂಡು 1961ರಲ್ಲಿ ಸೇವೆಗೆ ಸೇರಿಸಿದೆವು. ವಿರಾಟ್‌ನದೂ ಅಂಥದೇ ಕಥೆ: 1959ರಲ್ಲಿ ಬ್ರಿಟನ್ನಿನಲ್ಲಿ ಹರ್ಮಿಸ್ ಎಂಬ ಹೆಸರಿನಲ್ಲಿ ಸೇವೆಗಿಳಿದು, 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧ ಮಾಡಿ, 1987ರಲ್ಲಿ ನಮ್ಮದಾಗಿ, 2017ರವರೆಗೆ ದುಡಿಯಿತು. ಹಳೆಯ ಹಡಗು ಎಂದು ಮೂಗು ಮುರಿಯುವ ಹಕ್ಕು ಬೇರೆ ಯಾವ ದೇಶಕ್ಕಿದ್ದರೂ ನಮಗಿಲ್ಲ.

ಇನ್ನು ಅಮೆರಿಕದ ಅಯೋವಾ ವರ್ಗದ, ಅಂದರೆ ಒಂದೇ ಮಾದರಿಯ, ನಾಲ್ಕು ಯುದ್ಧನೌಕೆಗಳು. 1943–44ರಲ್ಲಿ ಸೇವೆಗೆ ಬಂದಂಥವು. ನ್ಯೂಜೆರ್ಸಿಯನ್ನು ವಿಯೆಟ್ನಾಂ ಯುದ್ಧಕ್ಕೆಂದು 1968ರಲ್ಲಿ ಎಬ್ಬಿಸಿದರು, ಮಲಗಿಸಿದರು, 1982ರಲ್ಲಿ ಮತ್ತೆ ಎಬ್ಬಿಸಿದರು. ಉಳಿದ ಮೂರೂ 1988ರೊಳಗೆ ಮರಳಿದವು. ದಪ್ಪ ಉಕ್ಕಿನ ಹೊದಿಕೆ, 1,225 ಕಿಲೋ ತೂಕದ ಗುಂಡನ್ನೂ ಎಸೆಯಬಲ್ಲ 16 ಇಂಚಿನ ತೋಪುಗಳು ಹಾಗೆಯೇ ಉಳಿದವು. ಅವುಗಳ ಜೊತೆಗೆ ಟೊಮಾಹಾಕ್ ಕ್ಷಿಪಣಿಗಳನ್ನು ಕೂರಿಸಿದರು. 1991ರ ಕೊಲ್ಲಿ ಯುದ್ಧದಲ್ಲಿ ಮಿಸ್ಸೌರಿ ಮತ್ತು ವಿಸ್ಕಾನ್ಸಿನ್ ಎರಡೂ ಬಗೆಯ ಅಸ್ತ್ರಗಳನ್ನು ಪ್ರಯೋಗಿಸಿದವು. ಈ ನಾಲ್ಕನ್ನು ಸಜ್ಜುಗೊಳಿಸುವಾಗ ಬೇಕಾದ ಕೆಲವು ಬಿಡಿಭಾಗಗಳು ಸಿಕ್ಕಿದ್ದಾದರೂ ಎಲ್ಲಿ? ಅಲಬಾಮಾದಂತಹ ಮ್ಯೂಸಿಯಂ ಹಡಗುಗಳಲ್ಲಿ. ಮಕ್ಕಳು ಟಿಕೆಟ್ ಕೊಂಡು ನೋಡುತ್ತಿದ್ದ ಯಂತ್ರಗಳು ಸಮುದ್ರಕ್ಕೆ ಮರಳಿದವು.

ವಿಶಾಖಪಟ್ಟಣದ ಕಡಲತೀರದಲ್ಲಿ ಕುಳಿತಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ಮತ್ತೆ ಮುಳುಗಿಸಿ ಎಂದು ನಾನು ಹೇಳುತ್ತಿಲ್ಲ, ಅಷ್ಟು ಬುದ್ಧಿ ಇದೆ. ನನ್ನ ಬೇಡಿಕೆ ಸಣ್ಣದು. ಮುಂದೆ ನಿವೃತ್ತಿಯಾಗುವ ದೊಡ್ಡ ಹಡಗುಗಳನ್ನು ಮ್ಯೂಸಿಯಂಗೆ ಕೊಡುವಾಗಲೇ ಷರತ್ತು ಹಾಕಿ: ಒಡಲು ಕೊರೆಯಬೇಡಿ, ಒಳಗಿನ ಗಾಳಿಯ ತೇವ ತೆಗೆಯುತ್ತಿರಿ, ಬಿಡಿಭಾಗ ಮಾರಬೇಡಿ. ಅಯೋವಾ ಮತ್ತು ವಿಸ್ಕಾನ್ಸಿನ್ 2006ರಲ್ಲಿ ನೌಕಾಪಡೆಯ ಪಟ್ಟಿಯಿಂದ ಹೊರಬಂದಾಗ ಅಲ್ಲಿನ ಸಂಸತ್ತು ಇಂಥದೇ ಷರತ್ತು ವಿಧಿಸಿತ್ತು. ಹೊಸ ವಿಕ್ರಾಂತ್‌ನ ತಳಪಾಯ ಹಾಕಿದ್ದು 2009ರಲ್ಲಿ, ಸೇವೆಗೆ ಬಂದದ್ದು 2022ರಲ್ಲಿ. ಯುದ್ಧ ಹದಿಮೂರು ವರ್ಷ ಕಾಯುವುದಿಲ್ಲ. ಮರಳಿದ ಹಡಗು ಮುಂಚೂಣಿಯಲ್ಲೇ ನಿಲ್ಲಬೇಕೆಂದೂ ಇಲ್ಲ. 2004ರ ಸುನಾಮಿಯಲ್ಲಿ ಸಮೀಕ್ಷಾ ಹಡಗಾದ ನಿರೂಪಕ್ ಅನ್ನೇ ಆಸ್ಪತ್ರೆಯಾಗಿಸಿ ಇಂಡೋನೇಷ್ಯಾಕ್ಕೆ ಕಳುಹಿಸಿದ್ದೆವು. ತರಬೇತಿಗೆ, ಪರಿಹಾರ ಕಾರ್ಯಕ್ಕೆ, ಬಂದರು ಕಾಯಲು ಹಳಬರು ಬಂದರೆ ಹೊಸ ಹಡಗು ಹೊರಡಲು ಬಿಡುವಾಗುತ್ತದೆ.

1933ರಲ್ಲಿ ಶುರುವಾದ ನಮ್ಮ ಸಕ್ಕರೆ ಕಾರ್ಖಾನೆ ಮೈಶುಗರ್ ವರ್ಷಗಳ ಕಾಲ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯಲು ತೊಡಗಿದಾಗ ಮಂಡ್ಯದವರು ಯಾರೂ ಅದನ್ನು ಹುಚ್ಚು ಎನ್ನಲಿಲ್ಲ.

ವಿರೋಧ: ಮಲಗಿದ್ದು ಬೇರೆ, ಸತ್ತದ್ದು ಬೇರೆ

ಕೊನೆಯ ಸಾಲು ನನಗೆಂದೇ ಬರೆದದ್ದು ಎಂದು ಗೊತ್ತಾಯಿತು. ಇರಲಿ. ಕಾರ್ಖಾನೆ ಮತ್ತೆ ಶುರುವಾದಾಗ ಪತ್ರಿಕೆಯಲ್ಲಿ ‘ಬಾಯ್ಲರ್‌ಗೆ ಅಗ್ನಿಸ್ಪರ್ಶ’ ಎಂದು ಪೂಜೆಯ ಚಿತ್ರ ಬರುತ್ತದೆ. ಆ ಪೂಜೆಗೆ ಮೊದಲು ಏನಾಗಿರುತ್ತದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಹಂಗಾಮು ಮುಗಿದ ಮೇಲೆ ನಾವು ಬಾಯ್ಲರ್ ಮಲಗಿಸುತ್ತಿದ್ದ ರೀತಿ ಹೇಳುತ್ತೇನೆ. ನೀರು ಪೂರ್ತಿ ಬಸಿದು, ಒಳಗೆಲ್ಲ ಒಣಗಿಸಿ, ಡ್ರಮ್ಮಿನೊಳಗೆ ತಗಡಿನ ತಟ್ಟೆಗಳಲ್ಲಿ ಸುಟ್ಟ ಸುಣ್ಣ ಇಟ್ಟು ಮ್ಯಾನ್‌ಹೋಲ್ ಬಿಗಿಯುತ್ತಿದ್ದೆವು. ಸುಣ್ಣ ತೇವ ಹೀರಿ ಪುಡಿಯಾದರೆ ಬದಲಿಸಬೇಕು. ಒಂದು ವರ್ಷ ಅದನ್ನು ಬದಲಿಸುವವರು ಇರಲಿಲ್ಲ. ಮುಂದಿನ ಹಂಗಾಮಿಗೆ ನೀರಿನ ಒತ್ತಡದ ಪರೀಕ್ಷೆ ನಡೆಸಿದಾಗ ಗೇಜಿನ ಮುಳ್ಳು ಏರಿತು, ಆದರೆ ನಿಲ್ಲಲಿಲ್ಲ, ಮೆಲ್ಲಗೆ ಹಿಂದಕ್ಕೆ ಸರಿಯಿತು. ಟಾರ್ಚ್ ಹಿಡಿದು ಒಳಗೆ ತೆವಳಿದರೆ ಕೆಳಗಿನ ಡ್ರಮ್ಮಿಗೆ ಸೇರುವ ಬುಡದಲ್ಲಿ ಟ್ಯೂಬು ಜಿನುಗುತ್ತಿತ್ತು. ಹೊರಗಿನಿಂದ ಬೆರಳಾಡಿಸಿದರೆ ಅದು ಹೊಸ ಟ್ಯೂಬಿನಂತೆಯೇ ನುಣುಪಾಗಿತ್ತು. ಒಂದೇ ಒಂದು ಮಳೆಗಾಲದ ಅಸಡ್ಡೆ ಅದು.

ಅಯೋವಾದ ಎಂಟು ಬಾಯ್ಲರ್‌ಗಳು ಚದರ ಇಂಚಿಗೆ 600 ಪೌಂಡ್ ಒತ್ತಡದ, ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆಗಾಗಿ ಮಾಡಿದವು. ಅಂಥ ಹಬೆ ಸೋರಿದರೆ ಕಣ್ಣಿಗೆ ಕಾಣುವುದೂ ಇಲ್ಲ. ಆ ವರ್ಗದ ಹಡಗುಗಳು 1980ರ ದಶಕದಲ್ಲಿ ಎದ್ದು ನಿಂತವು ಎಂಬುದು ನಿಜ, ಆದರೆ ನಾವಿಕ ಮಿತ್ರರು ಒಂದು ವ್ಯತ್ಯಾಸವನ್ನು ಜಾಣತನದಿಂದ ದಾಟಿದ್ದಾರೆ. ಆಗ ಆ ನಾಲ್ಕೂ ಮ್ಯೂಸಿಯಂಗಳಾಗಿರಲಿಲ್ಲ. ನೌಕಾಪಡೆಯ ಮೀಸಲಿನಲ್ಲಿ, ಬಾಗಿಲುಗಳಿಗೆಲ್ಲ ಸೀಲು ಹಾಕಿ, ಒಳಗಿನ ಗಾಳಿ ಒಣಗಿಸುತ್ತ ಮಲಗಿಸಿದ್ದ ಹಡಗುಗಳವು. ಅವು ಮ್ಯೂಸಿಯಂ ಆದದ್ದು ಆಮೇಲೆ. ಮ್ಯೂಸಿಯಂ ಆದ ಬಳಿಕ ಒಂದೂ ಮರಳಿಲ್ಲ. ಅಲಬಾಮಾದ ಉದಾಹರಣೆಯಂತೂ ಅವರ ವಾದಕ್ಕೇ ತಿರುಗುಬಾಣ: ಮೀಸಲಿನಲ್ಲಿದ್ದವನ್ನು ಎಬ್ಬಿಸಲು ಮ್ಯೂಸಿಯಂನವುಗಳ ಯಂತ್ರ ಬಿಚ್ಚಿದರು. ಹಾಗೆ ಬಿಚ್ಚಿಸಿಕೊಂಡ ಹಡಗನ್ನು ಇನ್ನಾರು ಎಬ್ಬಿಸುತ್ತಾರೆ?

ಮ್ಯೂಸಿಯಂ ಮಾಡುವುದೆಂದರೆ ಹಡಗಿಗೆ ಏನು ಮಾಡುತ್ತಾರೆ ಎಂಬುದನ್ನೂ ನೋಡಿ. ಇಂಧನದ ಟ್ಯಾಂಕು ತೊಳೆದು ಖಾಲಿ ಮಾಡುತ್ತಾರೆ. ಸಮುದ್ರದ ನೀರು ಒಳಗೆಳೆಯುವ ತಳದ ಕಿಂಡಿಗಳನ್ನು ಮುಚ್ಚುತ್ತಾರೆ. ದಡದಿಂದ ವಿದ್ಯುತ್ ಎಳೆಯುತ್ತಾರೆ. ಮೆಟ್ಟಿಲು, ದೀಪ, ಪ್ರವಾಸಿಗರಿಗೆ ಬಾಗಿಲು. ಷರತ್ತು ಹಾಕಿ ಇವನ್ನೆಲ್ಲ ತಡೆಯಿರಿ ಎಂದರೆ ಉಳಿಯುವುದು ಮ್ಯೂಸಿಯಂ ಅಲ್ಲ, ಬೀಗ ಹಾಕಿದ ಮೀಸಲು ಹಡಗು. ಅದನ್ನು ನೌಕಾಪಡೆ ತನ್ನ ಖರ್ಚಿನಲ್ಲೇ ಇಟ್ಟುಕೊಳ್ಳಲಿ, ಟಿಕೆಟ್ ಹಣದ ಮೇಲೆ ಆ ಭಾರ ಹೊರಿಸುವುದು ಬೇಡ.

ಹಳೆಯ ಹಡಗು ಅಗ್ಗ ಎಂಬ ಮಾತನ್ನು ನಮ್ಮ ದೇಶವೇ ಒಮ್ಮೆ ನಂಬಿ ನೋಡಿದೆ. ರಷ್ಯಾದಲ್ಲಿ 1996ರಲ್ಲಿ ನಿವೃತ್ತಿಯಾಗಿ ನಿಂತಿದ್ದ ಗೋರ್ಷ್‌ಕೋವ್ ಎಂಬ ವಿಮಾನವಾಹಕವನ್ನು ನಮ್ಮ ವಿಕ್ರಮಾದಿತ್ಯವಾಗಿಸಲು 2004ರಲ್ಲಿ ಒಪ್ಪಂದವಾಯಿತು. ಬೆಲೆ 97.4 ಕೋಟಿ ಡಾಲರ್, ಗಡುವು 2008. ಬಿಚ್ಚಿ ನೋಡಿದಾಗ ಕೆಲಸ ಎಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಕೊನೆಗೆ ತೆತ್ತದ್ದು ಸುಮಾರು 230 ಕೋಟಿ ಡಾಲರ್, ಹಡಗು ಕೈಗೆ ಬಂದದ್ದು 2013ರ ನವೆಂಬರ್‌ನಲ್ಲಿ. ನಡುವೆ 2012ರ ಸಮುದ್ರ ಪರೀಕ್ಷೆಯಲ್ಲಿ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು. ಕಾರಣ ಓದಿ ನಾನು ನಕ್ಕೆ, ಆಮೇಲೆ ನಗು ಬರಲಿಲ್ಲ: ನಾವು ಕಲ್ನಾರು (ಆಸ್ಬೆಸ್ಟಾಸ್) ಬೇಡವೆಂದದ್ದಕ್ಕೆ ಒಳಗೆ ಕೂರಿಸಿದ್ದ ಬೆಂಕಿ ಇಟ್ಟಿಗೆಗಳು ಶಾಖಕ್ಕೆ ನಿಲ್ಲಲಿಲ್ಲ. ಬಾಯ್ಲರ್ ಕೆಲಸದವನಿಗೆ ಇಟ್ಟಿಗೆ ಉದುರುವುದು ಹೊಸ ಸುದ್ದಿಯಲ್ಲ. ನಡುಸಮುದ್ರದಲ್ಲಿ ಸಾವಿರಾರು ಜನರಿರುವಾಗ ಅದು ಉದುರುವುದು ಬೇರೆ ಮಾತು. ಅದೂ ಮ್ಯೂಸಿಯಂ ಆಗಿರದ, ಹಣಕ್ಕೆ ಕೊರತೆ ಮಾಡದ ಹಡಗಿನ ಕಥೆ.

ಜೀವಗಳ ಲೆಕ್ಕಕ್ಕೂ ಬರಬೇಕಲ್ಲ. 1989ರ ಏಪ್ರಿಲ್ 19ರಂದು, ಮರಳಿ ಸೇವೆಗೆ ಬಂದಿದ್ದ ಅಯೋವಾದ ಎರಡನೇ ತೋಪುಗೋಪುರ ಸಿಡಿದು 47 ನಾವಿಕರು ಸತ್ತರು. ಅವರು ತುಂಬುತ್ತಿದ್ದ ಮದ್ದು ಮಹಾಯುದ್ಧದ ಕಾಲದ್ದು. ಸತ್ತ ನಾವಿಕನೊಬ್ಬನ ಮೇಲೆ ತಪ್ಪು ಹೊರಿಸಿದ ನೌಕಾಪಡೆ, 1991ರಲ್ಲಿ ಅದನ್ನು ಹಿಂತೆಗೆದುಕೊಂಡು ಕುಟುಂಬದ ಕ್ಷಮೆ ಕೇಳಿತು. 1938ರಲ್ಲಿ ನೀರಿಗಿಳಿದು ಪರ್ಲ್ ಹಾರ್ಬರ್ ದಾಳಿಯಲ್ಲೂ ಬದುಕಿದ್ದ ಹಡಗೊಂದನ್ನು ಅರ್ಜೆಂಟೀನಾ ಕೊಂಡು, ಜನರಲ್ ಬೆಲ್‌ಗ್ರಾನೊ ಎಂದು ಹೆಸರಿಟ್ಟು, 1982ರಲ್ಲಿ ಯುದ್ಧಕ್ಕೆ ಕಳುಹಿಸಿತು. ಬ್ರಿಟಿಷ್ ಜಲಾಂತರ್ಗಾಮಿಯ ಟಾರ್ಪೆಡೋಗಳಿಗೆ ಅದು ಮುಳುಗಿ 323 ಮಂದಿ ಸತ್ತರು. ವಿಕ್ರಾಂತ್ ಬಿರುಕು ಬಾಯ್ಲರ್‌ನಲ್ಲಿ ಗೆದ್ದು ಬಂತು, ಒಪ್ಪುತ್ತೇನೆ, ಹೆಮ್ಮೆಯೂ ಇದೆ. ಆದರೆ ಆ ಬಾಯ್ಲರ್‌ನ ಒಂದೊಂದು ಸದ್ದನ್ನೂ ಬಲ್ಲ ಸಿಬ್ಬಂದಿ ಆಗ ಅದರ ಪಕ್ಕದಲ್ಲೇ ಇದ್ದರು. ಅಂಥ ಹಳೆಯ ಹಬೆಯ ಯಂತ್ರ ನಡೆಸಬಲ್ಲವರು ಇಂದು ಹೆಚ್ಚಾಗಿ ನಾವಿಕ ಮಿತ್ರರ ವಯಸ್ಸಿನವರು, ನನ್ನ ವಯಸ್ಸಿನವರು. ನಮ್ಮಿಬ್ಬರನ್ನೂ ಏಣಿ ಇಳಿಸಿ ಕೆಳಗೆ ಕಳುಹಿಸುವ ಯೋಚನೆ ಅವರಿಗಿದ್ದರೆ ಮೊದಲೇ ಹೇಳಲಿ, ಮಂಡಿನೋವಿನ ಔಷಧಿ ಇಟ್ಟುಕೊಳ್ಳುತ್ತೇನೆ.

ಮ್ಯೂಸಿಯಂ ಹಡಗು ತೇಲುತ್ತಿದ್ದರೆ ಅದೇ ದೊಡ್ಡದು. ಅಮೆರಿಕದ ಬಫಲೋದಲ್ಲಿ ‘ದಿ ಸಲಿವನ್ಸ್’ ಎಂಬ ಮ್ಯೂಸಿಯಂ ಹಡಗು 2022ರ ಏಪ್ರಿಲ್‌ನಲ್ಲಿ ಕಟ್ಟಿದ್ದ ಜಾಗದಲ್ಲೇ ಅರ್ಧ ಮುಳುಗಿತು. ನಮ್ಮ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ ಮುಂಬೈಯಲ್ಲಿ ಮ್ಯೂಸಿಯಂ ಆಯಿತು. ಸುರಕ್ಷಿತವಲ್ಲ ಎಂದು 2012ರಲ್ಲಿ ಮುಚ್ಚಿದರು. ಉಳಿಸಿಕೊಳ್ಳಲು ಹಣ ಕೊಡುವವರು ಸಿಗಲಿಲ್ಲ. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಾಟವಾಗಿ ಒಡೆದುಹೋಯಿತು. 1971ರ ವಿಕ್ರಾಂತ್‌ಗೆ ಬಣ್ಣ ಬಳಿಯಲು ದುಡ್ಡು ಹುಟ್ಟದ ದೇಶದಲ್ಲಿ, ಅಂಥ ಹಡಗಿನ ಟ್ಯೂಬು ಬದಲಿಸಲು ಯಾರ ಬಜೆಟ್ಟಿನಿಂದ ತೆಗೆಯುತ್ತಾರೆ ಎಂಬುದನ್ನು ನಾವಿಕ ಮಿತ್ರರು ಎಲ್ಲೂ ಬರೆದಿಲ್ಲ.