ತಲೆ ಆಡಿಸಿ ಪಂಪು ಕಳ್ಕೊಂಡೆ

ಎಂಟು ದಿನ ಬಿಡದೆ ಹೊಯ್ದ ಪುನರ್ವಸು ಮಳೆ ನಿನ್ನೆ ಬೆಳಿಗ್ಗೆ ಹೊಳವಾಯಿತು. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯಲು ಇಂಥ ದಿನ ಮತ್ತೆ ಸಿಗುವುದಿಲ್ಲ. ಮೈಲುತುತ್ತ ಇತ್ತು, ಸುಣ್ಣ ಇತ್ತು, ಪುಣ್ಯಕ್ಕೆ ಮರ ಹತ್ತುವ ಕೊನೆಗಾರನೂ ಬಂದಿದ್ದ. ಪಂಪು ಮಾತ್ರ ಇರಲಿಲ್ಲ. ಅದು ಮೇಲಿನಮನೆ ಭಾವನ ತೋಟದಲ್ಲಿ ಬಡಬಡ ಸದ್ದು ಮಾಡುತ್ತಿದೆ ಅಂತ ಹೆಂಡತಿ ಹೇಳಿದಳು. ನನಗೆ ಆ ಸದ್ದೂ ಕೇಳಲಿಲ್ಲ. ಕೊಟ್ಟವನು ನಾನೇ ಅಂತೆ!

ಮಗಳು ತೀರ್ಥಹಳ್ಳಿಯ ಶಾಲೆಯಿಂದ ಹೋಮ್‌ವರ್ಕ್ ಜತೆ ತಂದ ಶೀತ ಇದು. ಅವಳಿಗೆ ಎರಡೇ ದಿನದಲ್ಲಿ ಹೋಯಿತು. ನನ್ನ ಮೂಗು ಮೊದಲು ಒಡೆದ ಹಂಚಿನ ಹಾಗೆ ಸೋರಿತು, ಆಮೇಲೆ ಕಟ್ಟಿತು. ಅಮ್ಮ ಹಲಸಿನ ಹಪ್ಪಳ ಕರಿದರೂ ವಾಸನೆ ಇಲ್ಲ. ಸಿಟ್ಟಿಗೆ ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀಟಿದೆ. ಕಿವಿಯೊಳಗೆ ಏನೋ ಗುಳುಕ್ ಅಂತು. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಹಾಗೆ. ಆದರೆ ನನ್ನ ಪಾಲಿಗೆ ಘಾಟಿ ಬುಡದ ಸೋಮೇಶ್ವರ ಬರಲೇ ಇಲ್ಲ. ಮರುದಿನ ದನಿಯೂ ಹೋಯಿತು.

ಮೂಗಿನ ಹಿಂದಿನಿಂದ ಕಿವಿಗೆ ಯೂಸ್ಟೇಶಿಯನ್ ಅಂತ ಸಣ್ಣ ನಾಳ ಇದೆಯಂತೆ. ಶೀತಕ್ಕೆ ಅದು ಊದಿ ಮುಚ್ಚಿಕೊಂಡರೆ ಕಿವಿಯೊಳಗೆ ಗಾಳಿ ಆಡುವುದಿಲ್ಲ. ಶೀತ ತರುವ ವೈರಸ್ಸುಗಳೇ 200ಕ್ಕೂ ಜಾಸ್ತಿ, ಆಂಟಿಬಯೋಟಿಕ್ ಅವಕ್ಕೆ ತಾಗುವುದಿಲ್ಲ, ಒಂದು ವಾರ ಹತ್ತು ದಿನ ತಡ್ಕೊಳ್ಳಿ, ಮೂಗು ಸೀಟುವುದಿದ್ದರೆ ಒಂದೊಂದೇ ಹೊಳ್ಳೆ, ಮೆಲ್ಲಗೆ. ಇಷ್ಟನ್ನೂ ಡಾಕ್ಟರು ಕೂಗಿ ಕೂಗಿ ಹೇಳಿದರು. ಹೊರಗೆ ಕಾಯುತ್ತಿದ್ದವರಿಗೆಲ್ಲ ಪುಕ್ಕಟೆ ತಿಳಿಯಿತು. ಪಿಸುಗುಟ್ಟಬೇಡಿ, ಅದೂ ಗಂಟಲಿಗೆ ಕಷ್ಟವೇ ಅಂದರು. ಅದೊಂದನ್ನು ನಾನು ಕೇಳಲಿಲ್ಲ.

ಗಮನಿಸಿದ್ದೀರಾ? ನಾವು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಗಂಟಲು ಕೂತಿದ್ದು ನನ್ನದು, ಅವರಿಗೇನು ದಾಡಿ? ಕಷಾಯ ಬೇಕಾ ಅಂತ ಕೇಳಲು ಹೆಂಡತಿ ಗುಟ್ಟು ಹೇಳುವವಳ ಹಾಗೆ ಬಗ್ಗುತ್ತಾಳೆ. ಅಮ್ಮ ಬರೀ ತುಟಿ ಆಡಿಸುತ್ತಾಳೆ. ಪೋಸ್ಟ್‌ಮನ್ ಅಂತೂ ಒಳಗೆ ಯಾರೋ ಮಲಗಿದ್ದಾರೆ ಅಂದುಕೊಂಡು ತುದಿಗಾಲಲ್ಲಿ ಹೋದ.

ಆಮೇಲೆ ಬಂದವನು ಭಾವ. ತೋಟದ ಆಚೆ ತುದಿಯಲ್ಲಿ ನಿಂತು ಅವನು ಕರೆದರೆ ನಮ್ಮ ಕೊಟ್ಟಿಗೆಯಲ್ಲಿ ದನ ಎದ್ದು ನಿಲ್ಲುತ್ತವೆ. ಅಂಥವನು ಜಗಲಿಯಲ್ಲಿ ಕೂತು, ಕವಳ ಹಾಕಿ, ಏನಾಯ್ತು ಅಂತ ಕೈಸನ್ನೆ ಮಾಡಿದ. 'ಶೀತ' ಅಂತ ಪಿಸುಗುಟ್ಟಿದೆ. ಸರಿ, ಬಾಯಿ ತುಂಬ ಕವಳ ಇಟ್ಟುಕೊಂಡು ಅರ್ಧ ಗಂಟೆ ಅವನೂ ಪಿಸುಗುಟ್ಟಿದ. ನನಗೆ ಕಂಡದ್ದು ಕೆಂಪು ತುಟಿ ಮಾತ್ರ. ಅವನು ನಕ್ಕಾಗ ನಕ್ಕೆ. ಮುಖ ಸಪ್ಪೆ ಮಾಡಿದಾಗ ಲೊಚಗುಟ್ಟಿದೆ. ಕೊನೆಗೆ ಏನೋ ಕೇಳಿದ, ತಲೆ ಆಡಿಸಿದೆ. ಅನುಮಾನಕ್ಕೆ ಇನ್ನೊಮ್ಮೆ ಕೇಳಿದ, ಎರಡು ಸಲ ಆಡಿಸಿದೆ. ಕೈ ಹಿಡಿದು ಅಲ್ಲಾಡಿಸಿದ. ಶೀತ ಆದವನ ಮೇಲೆ ಇಷ್ಟು ಪ್ರೀತಿಯಾ ಅನ್ನಿಸಿತು. ನಾನು ಒಳಗೆ ಕಂಬಳಿ ಹೊದ್ದು ಹಬೆ ತಗೊಳ್ಳುವಾಗ ಪಂಪು ಸವಾರಿ ಹೊರಟಿತ್ತು.

ಅಜ್ಜನಿಗೂ ಕೊನೆಯ ಐದಾರು ವರ್ಷ ಕಿವಿ ಕೇಳುತ್ತಿರಲಿಲ್ಲ. ಏನು ಹೇಳಿದರೂ ತಲೆ ಆಡಿಸುತ್ತಿದ್ದ. 'ಅಜ್ಜ, ನಿನ್ನ ಹಲ್ಲುಸೆಟ್ ಮಾರಲಾ?' ಅಂತ ಕೇಳಿ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ನಮ್ಮನ್ನು ನೋಡಿ ಅವನೂ ನಗುತ್ತಿದ್ದ.

ಇವತ್ತು ಆಕಳಿಸುವಾಗ ಬಲಗಿವಿ ಟಪ್ ಅಂತ ಬಿಟ್ಟಿತು. ಮೊದಲು ಕೇಳಿದ್ದು ಹಂಚಿನ ಮೇಲೆ ಮಳೆ. ಮತ್ತೆ ಹಿಡಿದಿದೆ, ಇನ್ನು ಔಷಧಿ ಹೊಡೆದ ಹಾಗೇ. ಆಮೇಲೆ ದಣಪೆ ಹತ್ತಿರದಿಂದ ಭಾವ, ಪೂರ್ತಿ ದನಿಯಲ್ಲಿ:

'ಭಾವಾ, ನಿನ್ನ ಪಂಪಿನ ನೋಜಲ್ ಕಟ್ಟಿದೆ ಮಾರಾಯ!'