ಸತ್ಯಾಂಶ: 'ಟಾಪ್ ಗೇರ್' ಮೂವರು ಬಾಲ್ಯಸ್ನೇಹಿತರೇ?

ಬಳ್ಳಾರಿಯ ಲಾರಿ ಮಾಲೀಕರು, ಗ್ಯಾರೇಜಿನವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: 'ಬಿಬಿಸಿಯ ಕಾರುಗಳ ಟಿವಿ ಕಾರ್ಯಕ್ರಮ ಟಾಪ್ ಗೇರ್‌ನ ನಿರೂಪಕರಾದ ಕ್ಲಾರ್ಕ್‌ಸನ್, ಹ್ಯಾಮಂಡ್, ಮೇ ಬಾಲ್ಯಸ್ನೇಹಿತರು. ಬರೆದ ಮಾತು ಒಂದೂ ಇರಲಿಲ್ಲ. ಅವರು ಹೋದ ಮರುದಿನವೇ ಕಾರ್ಯಕ್ರಮ ನಿಂತಿತು.'

ಮೂರೂ ಸರಿಯಲ್ಲ. 2002ರಲ್ಲಿ ಹೊಸ ರೂಪದಲ್ಲಿ ಶುರುವಾದಾಗ ಮೂರನೆಯವರಾಗಿ ಇದ್ದವರು ಜೇಸನ್ ಡಾ ಎಂಬವರು. ಜೇಮ್ಸ್ ಮೇ ಈ ತಂಡ ಸೇರಿದ್ದು 2003ರಲ್ಲಿ, ಎರಡನೇ ಸರಣಿಗೆ. ಕ್ಲಾರ್ಕ್‌ಸನ್ ಅವರ ಶಾಲಾ ಗೆಳೆಯರೊಬ್ಬರು ತಂಡದಲ್ಲಿದ್ದದ್ದು ನಿಜ. ಆದರೆ ಅವರು ಕ್ಯಾಮೆರಾದ ಹಿಂದಿದ್ದ ನಿರ್ಮಾಪಕ ಆ್ಯಂಡಿ ವಿಲ್ಮನ್.

ಬರವಣಿಗೆಯ ವಿಷಯಕ್ಕೆ ನಮ್ಮ ಬಯಲಾಟದ ಸಾರಥಿಯೇ ಸಾಕು. ಪ್ರಸಂಗ ಮೊದಲೇ ಗೊತ್ತು, ಎಲ್ಲಿ ಕೊಂಕು ನುಡಿಯಬೇಕೆಂಬುದೂ ಗೊತ್ತು. ಮಾತಿನ ಮೊನೆ ಮಾತ್ರ ಆ ರಾತ್ರಿಯದು. ಅಲ್ಲಿಯೂ ಹಾಗೆಯೇ: ಪಂದ್ಯದ ಹಾದಿ, ಕೆಲವು ಅವಘಡಗಳು ಕೂಡ ಮೊದಲೇ ಯೋಜಿತವಾಗಿರುತ್ತಿದ್ದವು. ಜೊತೆಗೆ ಪಾತ್ರಗಳ ಹಂಚಿಕೆ: ಅಬ್ಬರಿಸುವವರು ಒಬ್ಬರು, ಉತ್ಸಾಹಿ ಒಬ್ಬರು, ನಿಧಾನಿ ಒಬ್ಬರು. ಮೇ ಅವರಿಗೆ 'ಕ್ಯಾಪ್ಟನ್ ಸ್ಲೋ' ಎಂಬ ಅಡ್ಡಹೆಸರೇ ಅಂಟಿಕೊಂಡಿತು. ನನ್ನ ಮಟ್ಟಿಗೆ ಇದು ಮೋಸವಲ್ಲ, ಕಸುಬು. ಒಬ್ಬರ ಮಾತನ್ನು ಇನ್ನೊಬ್ಬರು ಎಲ್ಲಿ ತುಂಡರಿಸಬೇಕೆಂಬುದು ವರ್ಷಗಟ್ಟಲೆ ಒಟ್ಟಿಗೆ ದುಡಿಯದೆ ಬರುವುದಿಲ್ಲ.

2015ರಲ್ಲಿ ನಿರ್ಮಾಪಕರೊಬ್ಬರ ಮೇಲೆ ಕೈಮಾಡಿದ್ದಕ್ಕಾಗಿ ಕ್ಲಾರ್ಕ್‌ಸನ್ ಒಪ್ಪಂದವನ್ನು ಬಿಬಿಸಿ ನವೀಕರಿಸಲಿಲ್ಲ, ಉಳಿದಿಬ್ಬರೂ ಹೊರನಡೆದರು. 2016ರಲ್ಲಿ ಕಾರ್ಯಕ್ರಮ ಹೊಸ ನಿರೂಪಕರೊಂದಿಗೆ ಮರಳಿತು. ಅದು ನಿಂತದ್ದು 2022ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ವೇಳೆ ಆಗಿನ ನಿರೂಪಕರಲ್ಲೊಬ್ಬರಾದ ಫ್ಲಿಂಟಾಫ್ ತೀವ್ರವಾಗಿ ಗಾಯಗೊಂಡ ನಂತರ. ಹೌದು, ಇಂಗ್ಲೆಂಡಿನ ಕ್ರಿಕೆಟಿಗ ಫ್ಲಿಂಟಾಫ್ ಅವರೇ.